ಎಲೆಯಿಲ್ಲದ ಹಸಿರು ಮರ

ಪ್ರಶ್ನೆ: ಅಮೆರಿಕದ ಟೂಸಾನ್‌ನಲ್ಲಿ ಮಗಳ ಮನೆಯೆದುರು ಮುಳ್ಳಿನ ಮರವೊಂದಿದೆ. ಒಂದೂ ಎಲೆಯಿಲ್ಲ, ಬುಡದಿಂದ ತುದಿವರೆಗೂ ಹಸಿರು. ಏನಾದ್ರೂ ರೋಗವೇ?

ಉತ್ತರ: ಗಾಬರಿ ಬೇಡಮ್ಮ, ಮರ ಚೆನ್ನಾಗಿಯೇ ಇದೆ. ಅದು ಪಾಲೋ ವರ್ಡೆ, ಟೂಸಾನ್ ಇರುವ ಅರಿಜೋನಾದ ರಾಜ್ಯವೃಕ್ಷ. ಎಲೆ ಜಾಸ್ತಿ ಇದ್ದಷ್ಟೂ ನೀರು ಆವಿಯಾಗಿ ಹೋಗುತ್ತೆ, ಅಲ್ವಾ? ಅದಕ್ಕೇ ಮಳೆ ಬಿದ್ದಾಗ ಪುಟ್ಟ ಎಲೆ ಬಿಡುತ್ತದೆ, ನೆಲ ಒಣಗಿದರೆ ಉದುರಿಸಿಬಿಡುತ್ತದೆ. ತೊಗಟೆಯಲ್ಲೇ ಪತ್ರಹರಿತ್ತು ಇರುವುದರಿಂದ ಆಗಲೂ ಬಿಸಿಲಲ್ಲಿ ಆಹಾರ ತಯಾರಿಸಿಕೊಳ್ಳುತ್ತದೆ. ಬರ ತೀರಾ ಹೆಚ್ಚಾದರೆ ಸಣ್ಣ ರೆಂಬೆಗಳನ್ನೂ ಬಿಟ್ಟುಕೊಡುತ್ತದೆ.

ಅಲ್ಲಿ ಎರಡು ಜಾತಿ ಕಾಣಸಿಗುತ್ತವೆ. ರೆಂಬೆಯ ತುದಿಯೇ ಚೂಪಾಗಿ ಮುಳ್ಳಾಗಿದ್ದರೆ ಅದು ಗುಡ್ಡದ ಜಾತಿ. ಎಲೆ ಮೂಡುವ ಗಿಣ್ಣಿನಲ್ಲಿ ಸಣ್ಣ ಮುಳ್ಳಿದ್ದರೆ ನೀಲಿ ಪಾಲೋ ವರ್ಡೆ. ಹೂವನ್ನೂ ಹತ್ತಿರದಿಂದ ನೋಡಿ. ಗುಡ್ಡದ ಜಾತಿಯಲ್ಲಿ ನಾಲ್ಕು ಎಸಳು ಹಳದಿ, ಮೇಲಿನದೊಂದು ಮಾತ್ರ ಬಿಳಿಚು. ನೀಲಿ ಜಾತಿಯಲ್ಲಿ ಐದೂ ಹಳದಿ.

ನನಗೆ ಈ ಮರ ಇಷ್ಟವಾಗುವುದು ಇನ್ನೊಂದು ಕಾರಣಕ್ಕೆ. ಆಳೆತ್ತರ ಮೀರಿ ಬೆಳೆಯುವ ಸಗ್ವಾರೊ ಕಳ್ಳಿಯ ಎಳೆ ಸಸಿ ಎಷ್ಟೋ ಸಲ ಇದರ ನೆರಳಲ್ಲೇ ಬದುಕಿಕೊಳ್ಳುತ್ತದೆ. ಆದ್ದರಿಂದ ಬೋಳಾಗಿದೆಯೆಂದು ಸುಮ್ನೆ ಕಡಿಸಬೇಡಿ. ವಸಂತದಲ್ಲಿ ಮರ ತುಂಬ ಹಳದಿ ಹೂ ಬಿಡುತ್ತದೆ.