ನಿಘಂಟಿನ ನಿಲುಗೆರೆ ಮತ್ತು ಇಂಗ್ಲಿಷ್ ಉಚ್ಚಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಬದಿಯಡ್ಕ ಸಮೀಪದ ಶಾಲೆಯಲ್ಲಿ ಕನ್ನಡ ಮಾಧ್ಯಮದ ಹತ್ತನೆಯ ತರಗತಿಯ ವಿದ್ಯಾರ್ಥಿನಿ. ಹೊಸ ಇಂಗ್ಲಿಷ್ ಪದಗಳ ಉಚ್ಚಾರವನ್ನು ಪುಸ್ತಕದ ಅಂಚಿನಲ್ಲಿ ಕನ್ನಡ ಅಕ್ಷರಗಳಲ್ಲಿ ಬರೆದುಕೊಳ್ಳುತ್ತೇನೆ. ನಿಘಂಟಿನಲ್ಲಿ ಕಾಣುವ ಸಣ್ಣ ನಿಲುಗೆರೆ ಹಾಗೂ ತಲೆಕೆಳಗಾದ ಇಂಗ್ಲಿಷಿನ 'ಇ' (e) ಅಕ್ಷರವನ್ನೂ ಕಲಿಯಬೇಕೇ?

ಉತ್ತರ: ಕನ್ನಡದಲ್ಲಿ ಬರೆದುಕೊಳ್ಳುವ ಅಭ್ಯಾಸವನ್ನು ನೀವು ಬಿಡಬೇಕಾಗಿಲ್ಲ. ಆದರೆ ಆ ಎರಡು ಗುರುತುಗಳನ್ನು ಕಲಿಯಲೇಬೇಕು, ಏಕೆಂದರೆ ನಮ್ಮ ಲಿಪಿಯಲ್ಲಿ ಬರೆದಾಗ ಬಿಟ್ಟುಹೋಗುವುದು ಅವು ತಿಳಿಸುವ ಸಂಗತಿಯೇ. ಕನ್ನಡದಲ್ಲಿ ಪದದ ಯಾವ ಭಾಗವನ್ನು ಒತ್ತಿ ಹೇಳಿದರೂ ಅರ್ಥ ಬದಲಾಗುವುದಿಲ್ಲ. ಪ್ರತಿ ಅಕ್ಷರವೂ ತನ್ನ ಪೂರ್ಣ ಧ್ವನಿಯಲ್ಲೇ ಕೇಳಿಸುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ ಪದದ ಒಂದು ಭಾಗ ಎದ್ದು ಕೇಳಿಸಬೇಕು, ಉಳಿದ ಭಾಗಗಳ ಸ್ವರಗಳು ಬಹುಮಟ್ಟಿಗೆ ಕುಗ್ಗಬೇಕು. ಮೇಲ್ಭಾಗದಲ್ಲಿರುವ ನಿಲುಗೆರೆಯು ತನ್ನ ಮುಂದಿನ ಭಾಗವನ್ನು ಒತ್ತಿ ಹೇಳಬೇಕೆಂದು ಸೂಚಿಸುತ್ತದೆ. ತಲೆಕೆಳಗಾದ ಅಕ್ಷರವು 'ಶ್ವಾ' ಎಂಬ ಸ್ವರ. ಬಾಯನ್ನು ಹೆಚ್ಚು ತೆರೆಯದೆ, ತುಟಿಯನ್ನು ಚಾಚದೆ, ಕ್ಷಣಮಾತ್ರ ಉಸುರುವ ಮೊಟಕು 'ಅ'ಕಾರ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಸ್ವರವೂ ಅದೇ.

ನಿಮ್ಮ ತರಗತಿಯಲ್ಲಿ ಹಾಜರಿ ಕರೆಯುವಾಗ ನೀವು ಹೇಳುವ 'ಪ್ರೆಸೆಂಟ್' ಪದವನ್ನೇ ನೋಡಿ. 'ಹಾಜರಿದ್ದೇನೆ' ಎಂಬ ಅರ್ಥದಲ್ಲಿ ಒತ್ತು ಮೊದಲ ಭಾಗದ ಮೇಲಿದ್ದು, ಎರಡನೆಯ ಭಾಗ ಕುಗ್ಗಿ, ಅದು 'ಪ್ರೆ-ಜ಼ಂಟ್' ಎಂಬಂತೆ ಕೇಳಿಸಬೇಕು. ವಾರ್ಷಿಕೋತ್ಸವದಲ್ಲಿ ಅತಿಥಿಗಳು ಬಹುಮಾನವನ್ನು 'ಪ್ರಿ-ಜ಼ೆಂಟ್' ಮಾಡುವಾಗ ಒತ್ತು ಎರಡನೆಯ ಭಾಗಕ್ಕೆ ಜಾರುತ್ತದೆ. ಬರೆಯುವ ಅಕ್ಷರಗಳು ಎರಡಕ್ಕೂ ಒಂದೇ. 'ಫೋಟೋಗ್ರಾಫ್' ಎಂಬಲ್ಲಿ ಮೊದಲ ಭಾಗಕ್ಕೆ ಒತ್ತಿದೆ. ಅದರಿಂದ ಹುಟ್ಟಿದ 'ಫೋಟೋಗ್ರಫಿ'ಯಲ್ಲಿ ಒತ್ತು ಎರಡನೆಯ ಭಾಗಕ್ಕೆ ಸರಿಯುವುದರಿಂದ, ನಾವೆಲ್ಲ ದೀರ್ಘವಾಗಿ ಹೇಳುವ ಆ 'ಫೋ' ಕುಗ್ಗಿ, ಪದವು 'ಫ-ಟಾ-ಗ್ರ-ಫಿ' ಎಂಬುದಕ್ಕೆ ಹತ್ತಿರವಾಗುತ್ತದೆ. 'ಡೆವಲಪ್', 'ಹೋಟೆಲ್' ಪದಗಳಲ್ಲೂ ಒತ್ತು ಎರಡನೆಯ ಭಾಗಕ್ಕೇ ಹೊರತು, ನಮ್ಮಲ್ಲಿ ಹಲವರು ಹೇಳುವಂತೆ ಮೊದಲನೆಯದಕ್ಕಲ್ಲ.

ಈ ಗುರುತುಗಳು 1886ರಲ್ಲಿ ಪ್ಯಾರಿಸಿನಲ್ಲಿ ಆರಂಭವಾದ ಅಂತಾರಾಷ್ಟ್ರೀಯ ಧ್ವನಿಶಾಸ್ತ್ರ ಸಂಘದ ವರ್ಣಮಾಲೆಗೆ ಸೇರಿದವು. ಅಮೆರಿಕದ ಕೆಲವು ನಿಘಂಟುಗಳಲ್ಲಿ ಒತ್ತಿನ ಗುರುತು ಒತ್ತುವ ಭಾಗದ ನಂತರ ಬರುವುದರಿಂದ, ಮೊದಲು ಮುನ್ನುಡಿಯ ಪುಟಗಳನ್ನು ಓದಿಕೊಳ್ಳಿ. ಅಂಚಿನಲ್ಲಿ ಬರೆಯುವಾಗ ಒತ್ತುವ ಭಾಗದ ಕೆಳಗೆ ಗೆರೆ ಎಳೆದರೆ ನಿಮ್ಮ ಕನ್ನಡ ಬರಹವೇ ಬಹುಪಾಲು ಕೆಲಸ ಮಾಡುತ್ತದೆ.

ಪ್ರಶ್ನೆ: ನನ್ನ ಊರು ಕುಂಬಳೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಈಗ ಮಂಗಳೂರಿನಲ್ಲಿ ಓದುತ್ತಿದ್ದೇನೆ. ನನ್ನ ಇಂಗ್ಲಿಷಿನಲ್ಲಿ ಮಲಯಾಳದ ಛಾಯೆಯಿದೆ ಎಂದು ಸಹಪಾಠಿಗಳು ನಗುತ್ತಾರೆ. ತಿದ್ದಿಕೊಳ್ಳುವುದು ಹೇಗೆ?

ಉತ್ತರ: ಅವರ ನಗುವಿಗೆ ನೀವು ಕುಗ್ಗಬೇಡಿ. ಗಡಿನಾಡಿನಲ್ಲಿ ಬೆಳೆದ ನಿಮ್ಮ ಕಿವಿಗೆ ಒಂದು ದೊಡ್ಡ ಅನುಕೂಲವಿದೆ. ಕನ್ನಡದ 'ಟ'ಕಾರಕ್ಕೆ ನಾಲಗೆಯ ತುದಿ ಹಿಂದಕ್ಕೆ ಮಡಚಿಕೊಳ್ಳುತ್ತದೆ, 'ತ'ಕಾರಕ್ಕೆ ಹಲ್ಲನ್ನು ಮುಟ್ಟುತ್ತದೆ. ಇಂಗ್ಲಿಷಿನ 'ಟೀ' ಅಕ್ಷರದ ಧ್ವನಿ ಇವೆರಡೂ ಅಲ್ಲ. ಅದಕ್ಕೆ ನಾಲಗೆಯ ತುದಿ ಮೇಲಿನ ಹಲ್ಲುಗಳ ಹಿಂದಿರುವ ಒಸಡಿನ ಉಬ್ಬನ್ನು ಮುಟ್ಟಬೇಕು. ತಪ್ಪು ಎಂಬರ್ಥದಲ್ಲಿ ಮಲಯಾಳಿಗಳು ಹೇಳುವ 'ತೆಟ್ಟ್' ಪದದ ಕೊನೆಯ ಧ್ವನಿಗೆ ನಾಲಗೆ ತಾಗುವುದು ಸರಿಯಾಗಿ ಅದೇ ಜಾಗವನ್ನು. ಬೆಂಗಳೂರಿನ ವಿದ್ಯಾರ್ಥಿ ಪ್ರಯತ್ನಪಟ್ಟು ಹುಡುಕಬೇಕಾದ ಜಾಗ ನಿಮಗೆ ಕುಂಬಳೆ ಪೇಟೆಯಲ್ಲೇ ಪರಿಚಯವಾಗಿದೆ. ಅಲ್ಲಿಂದಲೇ ಅಭ್ಯಾಸ ಆರಂಭಿಸಿ.

ಗಮನ ಬೇಕಾದುದು 'ವ'ಕಾರಕ್ಕೆ. ಕನ್ನಡ, ಮಲಯಾಳ ಎರಡರಲ್ಲೂ ಅದಕ್ಕೆ ಒಂದೇ ಅಕ್ಷರ, ಇಂಗ್ಲಿಷಿನಲ್ಲಿ ಎರಡು. ಒಳಅಂಗಿಯ 'ವೆಸ್ಟ್'ಗೆ ಮೇಲಿನ ಹಲ್ಲು ಕೆಳತುಟಿಯನ್ನು ತಾಗಬೇಕು. ಪಡುವಣದ 'ವೆಸ್ಟ್'ಗೆ ಹಲ್ಲು ತಾಗದೆ ತುಟಿಗಳೆರಡೂ ದುಂಡಾಗಬೇಕು. ಕನ್ನಡಿಯ ಮುಂದೆ ನಿಂತು ಹೇಳಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಪ್ರಶ್ನೆ: ಮಗನಿಗೆ ಇಂಗ್ಲಿಷ್-ಕನ್ನಡ ನಿಘಂಟು ಕೊಡಿಸಲೇ, ಇಂಗ್ಲಿಷ್-ಇಂಗ್ಲಿಷ್ ನಿಘಂಟು ಕೊಡಿಸಲೇ? (ಮಂಜೇಶ್ವರದ ತಾಯಿಯೊಬ್ಬರು)

ಉತ್ತರ: ಮೊದಲು ಕನ್ನಡದ್ದು, ಪ್ರೌಢಶಾಲೆಗೆ ಬಂದಮೇಲೆ ಎರಡೂ. ಆದರೆ ಎರಡನೆಯದು ಕಲಿಯುವವರಿಗಾಗಿಯೇ ರಚಿಸಿದ ನಿಘಂಟಾಗಿರಲಿ. ಎ. ಎಸ್. ಹಾರ್ನ್‌ಬಿ ಎಂಬ ಬ್ರಿಟಿಷ್ ನಿಘಂಟುಕಾರರು ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ ಸಹೋದ್ಯೋಗಿಗಳೊಡನೆ ಸಿದ್ಧಪಡಿಸಿ 1942ರಲ್ಲಿ ಅಲ್ಲೇ ಅಚ್ಚಾದ ಇಂಥ ನಿಘಂಟನ್ನು 1948ರಲ್ಲಿ ಆಕ್ಸ್‌ಫರ್ಡ್ ಹೊರತಂದಿತು. 1978ರ ಲಾಂಗ್‌ಮನ್ ನಿಘಂಟು ಸುಮಾರು 2000 ಸರಳ ಪದಗಳೊಳಗೇ ಅರ್ಥ ವಿವರಿಸಿತು. ಇವುಗಳ ಉದಾಹರಣೆ ವಾಕ್ಯಗಳಿಂದ ಆಗುವ ಪ್ರಯೋಜನ ದೊಡ್ಡದು. 'ಡಿಸ್ಕಸ್' ಎಂದರೆ 'ಚರ್ಚಿಸು' ಎಂದಷ್ಟೇ ತಿಳಿದ ಹುಡುಗ, 'ಅದರ ಬಗ್ಗೆ ಚರ್ಚಿಸಿದೆವು' ಎಂಬ ನಮ್ಮ ವಾಕ್ಯದ ಜಾಡಿನಲ್ಲಿ 'ಡಿಸ್ಕಸ್ ಅಬೌಟ್' ಎಂದು ಬರೆಯುತ್ತಾನೆ; ಆ ಕ್ರಿಯಾಪದದ ಜೊತೆ 'ಅಬೌಟ್' ಬರುವುದಿಲ್ಲವೆಂಬುದನ್ನು ಅವನಿಗೆ ತೋರಿಸಿಕೊಡುವುದು ಆ ವಾಕ್ಯಗಳೇ.