ಗದ್ದೆ ಏಡಿಯೂ ಫಿಡ್ಲರ್ ಏಡಿಯಂತೆ ಮಣ್ಣು ಸೋಸಿ ತಿನ್ನುತ್ತದೆಯೇ?

ಇಲ್ಲ. ಕೊಡಗಿನಲ್ಲಿ ಗದ್ದೆ ಬದುವಿನ ಬಿಲದ ಬಾಯಲ್ಲಿ ಕಾಣುವ ಮಣ್ಣುಂಡೆಗಳು ಏಡಿ ಬಿಲ ತೋಡುವಾಗ ಹೊರಹಾಕಿದವು. ಅದು ಹೆಚ್ಚಾಗಿ ರಾತ್ರಿ ಹೊರಬಿದ್ದು ಎಳೆ ಸಸಿ, ಹುಳು, ಸತ್ತ ಮೀನು, ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ಬೇಸಿಗೆಯಲ್ಲಿ ತೇವವಿರುವ ಆಳಕ್ಕಿಳಿದು ಬಿಲದಲ್ಲೇ ಕೂರುತ್ತದೆ.

ಫಿಡ್ಲರ್ ಏಡಿ ಕಡಲಂಚಿನ, ಅಳಿವೆಯ ಕೆಸರಿನದು. ಘಟ್ಟದ ಮೇಲೆ ಸಿಗದು. ಇಳಿತದ ಹೊತ್ತಿಗೆ ಹೊರಬಂದು ಚಿಕ್ಕ ಕೊಂಡಿಯಿಂದ ಕೆಸರನ್ನು ಚಿಟಿಕೆ ಚಿಟಿಕೆಯಾಗಿ ಬಾಯಿಗಿಟ್ಟು, ಪಾಚಿ, ಸೂಕ್ಷ್ಮಜೀವಿಗಳನ್ನು ಸೋಸಿಕೊಂಡು, ಉಳಿದದ್ದನ್ನು ಪುಟ್ಟ ಗುಳಿಗೆಯಾಗಿ ಉದುರಿಸುತ್ತದೆ. ಹೆಣ್ಣು ಎರಡೂ ಕೈಯಲ್ಲಿ ಉಣ್ಣುತ್ತದೆ. ಗಂಡಿಗೆ ಒಂದೇ ಕೈ: ಇನ್ನೊಂದು ದೊಡ್ಡ ಕೊಂಡಿ ಹೆಣ್ಣನ್ನು ಕರೆಯಲು, ಕಾದಾಡಲು ಮಾತ್ರ. ಎಷ್ಟು ಚೆಂದದ ಏರ್ಪಾಡು! ಹಕ್ಕಿಯ ನೆರಳು ಬಿದ್ದರೆ ಸಾಕು, ಬಿಲಕ್ಕೆ ಓಟ. ಒಣಗುತ್ತಿರುವ ಕಿವಿರು ನೆನೆಸಿಕೊಳ್ಳುವುದೂ ಅಲ್ಲೇ. ಭರತ ಬರುವಾಗ ಹಲವು ಏಡಿಗಳು ಬಿಲದ ಬಾಯನ್ನು ಕೆಸರಿನಿಂದ ಮುಚ್ಚಿಕೊಳ್ಳುತ್ತವೆ.