ಹಳೆ ಕಾರಿನ ಏಸಿ: ಬಿಚ್ಚೋಣವೇ, ಉಳಿಸೋಣವೇ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ತಂದೆಯವರ 1968ರ ಷೆವರ್ಲೆ ಇಂಪಾಲಾ ಈಗ ನನ್ನ ಕೈಗೆ ಬಂದಿದೆ. ಕಂಪನಿಯಿಂದಲೇ ಏಸಿ ಹಾಕಿ ಬಂದ ಕಾರು. ಏಸಿ ಕೆಟ್ಟು ಎಷ್ಟೋ ವರ್ಷವಾಯಿತು. ನಿಧಾನಕ್ಕೆ ಓಡಿಸಿದರೆ ಎಂಜಿನ್ ಕೂಡ ಬಿಸಿಯಾಗುತ್ತದೆ. ಏಸಿ ಸಾಮಾನೆಲ್ಲ ಬಿಚ್ಚಿದರೆ ರೇಡಿಯೇಟರ್‌ಗೆ ಗಾಳಿ ಚೆನ್ನಾಗಿ ಸಿಗುತ್ತದೆ, ಭಾರವೂ ಇಳಿಯುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಬಿಚ್ಚಿಬಿಡಲೇ?

ಉತ್ತರ: ದಯವಿಟ್ಟು ಸದ್ಯಕ್ಕೆ ಸ್ಪ್ಯಾನರ್ ಕೆಳಗಿಡಿ. ನಿಮಗಿರುವುದು ಎರಡು ತೊಂದರೆ. ಒಂದಕ್ಕೂ ಇನ್ನೊಂದಕ್ಕೂ ಗಂಟು ಹಾಕಬೇಡಿ.

ಮೊದಲು ಎಂಜಿನ್ ಬಿಸಿ. ನಿಧಾನಕ್ಕೆ ಹೋಗುವಾಗ ಮಾತ್ರ ಬಿಸಿಯಾಗುತ್ತದೆ ಎಂದರೆ ಫ್ಯಾನ್ ಕಡೆ ನೋಡಬೇಕು. ಆಗ ಗಾಳಿ ಎಳೆಯುವುದು ಫ್ಯಾನ್ ಒಂದೇ ಅಲ್ವಾ? ಫ್ಯಾನನ್ನು ಎಂಜಿನ್‌ಗೆ ಜೋಡಿಸುವ ಫ್ಯಾನ್ ಕ್ಲಚ್ ಸೋತಿದೆಯೇ, ಫ್ಯಾನ್ ಸುತ್ತಲಿನ ಶ್ರೌಡ್ ಜಾಗದಲ್ಲಿದೆಯೇ, ರೇಡಿಯೇಟರ್ ಒಳಗೆ ಕಟ್ಟಿಕೊಂಡಿದೆಯೇ, ಇಷ್ಟು ನೋಡಿ. ಆಮೇಲೆ ಟಾರ್ಚ್ ಹಿಡಿದು, ಏಸಿಯ ಶಾಖ ಹೊರಬಿಡುವ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವಿನ ಸಂದಿ ನೋಡಿ. ಐವತ್ತು ವರ್ಷದ ಹುಳ, ಒಣ ಎಲೆ, ಧೂಳು ಅಲ್ಲಿ ಚಾಪೆಯಂತೆ ಹರಡಿರುವುದನ್ನು ನಾನು ಎಷ್ಟೋ ಕಾರುಗಳಲ್ಲಿ ಕಂಡಿದ್ದೇನೆ. ಏಸಿ ಹಾಕಿದ ಕಾರಿಗೆ ಕಂಪನಿಯವರು ಕೂಲಿಂಗ್ ವ್ಯವಸ್ಥೆಯನ್ನೂ ಹೆಚ್ಚು ಬಲವಾಗಿಯೇ ಕೊಡುತ್ತಿದ್ದರು. ಅದು ಸರಿಯಿದ್ದರೆ ಏಸಿ ಇದ್ದೂ ಕಾರು ತಣ್ಣಗಿರಬೇಕು.

ಇನ್ನು ಏಸಿ ಗ್ಯಾಸನ್ನು ಒತ್ತುವ ಕಂಪ್ರೆಸರ್. ನಿಮ್ಮದು ಜನರಲ್ ಮೋಟಾರ್ಸ್‌ನ ಎ6. ಆರು ಸಿಲಿಂಡರ್, ಸುಮಾರು 16 ಕಿಲೋ ತೂಕ. ಭಾರ ಹೌದು. ಆದರೆ ಅದನ್ನು ಪುಲ್ಲಿಗೆ ಜೋಡಿಸುವ ಕ್ಲಚ್ ಹಿಡಿಯದಿದ್ದಾಗ ತಿರುಗುವುದು ಹೊರಗಿನ ಪುಲ್ಲಿ ಮಾತ್ರ, ಒಳಗಿನ ಪಿಸ್ಟನ್‌ಗಳು ಸುಮ್ನೆ ಇರುತ್ತವೆ. ಎಂಜಿನ್ ನಿಲ್ಲಿಸಿ, ಬೆಲ್ಟ್ ಕಳಚಿ, ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ. ಗರಗರ ಸದ್ದಿಲ್ಲದೆ ನುಣ್ಣಗೆ ತಿರುಗಿದರೆ ಬೇರಿಂಗ್ ಚೆನ್ನಾಗಿದೆ. ಕ್ಲಚ್ ವೈರ್ ಕಳಚಿಟ್ಟು ಕಾರು ಓಡಿಸಿಕೊಂಡಿರಿ. ಏನೂ ನಷ್ಟವಿಲ್ಲ.

ಬಿಚ್ಚಿದರೆ ಏನಾಗುತ್ತದೆ ಎಂದೂ ಹೇಳಬೇಕು. ನಿಮ್ಮ ಕಾರಿನಲ್ಲಿ ಕೂಲಿಂಗ್ ಕಾಯಿಲ್ ಇರುವ ದೊಡ್ಡ ಡಬ್ಬಿ ಎಂಜಿನ್ ಕಡೆ ಗೋಡೆಗೆ ಅಂಟಿಕೊಂಡಿದೆ. ಬಿಸಿಗಾಳಿಗೂ, ಮುಂದಿನ ಗಾಜಿನ ಮಂಜು ತೆಗೆಯುವುದಕ್ಕೂ ಬೇಕಾದ ಗಾಳಿ ಅದೇ ಡಬ್ಬಿಯ ಮೂಲಕ ಬರುತ್ತದೆ. ಅದನ್ನು ಕಿತ್ತರೆ ಗೋಡೆಯಲ್ಲಿ ದೊಡ್ಡ ತೂತು ಉಳಿಯುತ್ತದೆ, ಮಳೆಯಲ್ಲಿ ಗಾಜು ಮಸುಕಾಗುತ್ತದೆ. ಏಸಿ ಇಲ್ಲದ ಕಾರಿನ ಹೀಟರ್ ಡಬ್ಬಿ ಬೇರೆ, ಕಂಟ್ರೋಲ್ ಬೇರೆ. ಅವನ್ನೆಲ್ಲ ಹುಡುಕಬೇಕು.

ಈ ವಿಷಯದಲ್ಲಿ ನನ್ನ ಕೈಯಿಂದಲೇ ಒಂದು ತಪ್ಪಾಗಿದೆ. ಕೆಲಸ ಕಲಿತ ಹೊಸದರಲ್ಲಿ ಒಬ್ಬರ ಕಾರಿನ ಏಸಿ ಪೂರ್ತಿ ಬಿಚ್ಚಿ, ಅವರು ಬೇಡ ಎಂದದ್ದಕ್ಕೆ ಗುಜರಿಗೆ ಹಾಕಿದೆ. ಹನ್ನೊಂದು ವರ್ಷದ ಮೇಲೆ ಅವರ ಮಗಳು ಅದೇ ಕಾರು ತಂದು, ಅಪ್ಪ ಕೊಂಡಾಗ ಹೇಗಿತ್ತೋ ಹಾಗೆ ಮಾಡಿಕೊಡಿ ಎಂದರು. ಕಂಪ್ರೆಸರ್ ಸಿಕ್ಕಿತು, ಕಂಡೆನ್ಸರ್ ಸಿಕ್ಕಿತು. ಆ ಎಂಜಿನ್‌ಗೆ ಹೊಂದುವ ಹಿಂದಿನ ಬ್ರಾಕೆಟ್ ಮಾತ್ರ ಸಿಗಲಿಲ್ಲ. ಅಂಗೈಯಗಲದ, ಎರಡು ಕಡೆ ಬಾಗಿದ ಕಬ್ಬಿಣದ ತುಂಡು ಅದು. ಅದಕ್ಕಾಗಿ ಎರಡು ವರ್ಷ ಹುಡುಕಿದೆ. ಆವತ್ತಿನಿಂದ ನಾನು ಬಿಚ್ಚಿದ ಒಂದು ಬೋಲ್ಟನ್ನೂ ಎಸೆದಿಲ್ಲ.

ಇಷ್ಟರ ಮೇಲೂ ಬಿಚ್ಚಲೇಬೇಕು ಎನಿಸಿದರೆ, ನಾಳೆ ವಾಪಸ್ ಹಾಕುವವರನ್ನು ನೆನೆದು ಬಿಚ್ಚಿ. ಒಳಗೆ ಗ್ಯಾಸ್ ಉಳಿದಿರಬಹುದು, ಆದ್ದರಿಂದ ನಟ್ ಸಡಿಲಿಸಿ ಹೊರಗೆ ಬಿಡಬೇಡಿ. ಈ ಕಾಲದ ಏಸಿಗಳಲ್ಲಿ ಇರುತ್ತಿದ್ದ ಗ್ಯಾಸ್ ಆರ್-12, ಅದು ಸುಮಾರು ಮೈನಸ್ 30 ಡಿಗ್ರಿಯಲ್ಲಿ ಕುದಿಯುತ್ತದೆ. ಕೈಗೆ ತಾಗಿದರೆ ಚರ್ಮ ಹೆಪ್ಪುಗಟ್ಟುತ್ತದೆ, ಕಣ್ಣಿಗೆ ಬಿದ್ದರೆ ಇನ್ನೂ ಅಪಾಯ. ಓಝೋನ್ ಪದರ ತಿನ್ನುತ್ತದೆ ಎಂದೇ 1987ರ ಮಾಂಟ್ರಿಯಲ್ ಒಪ್ಪಂದದಲ್ಲಿ ಈ ಗ್ಯಾಸ್‌ಗೆ ಕಡಿವಾಣ ಬಿದ್ದದ್ದು. ರಿಕವರಿ ಮಷಿನ್ ಇರುವವರಲ್ಲಿ ಸಿಲಿಂಡರ್‌ಗೆ ಎಳೆಸಿ. ಪೈಪ್ ಕಳಚಿದ ಕೂಡಲೇ ಎರಡೂ ತುದಿಗೆ ಬಿರಡೆ ಹಾಕಿ, ಒಳಗೆ ತೇವ ಹೋಗಬಾರದು. ಬ್ರಾಕೆಟ್ ತೆಗೆದ ಮೇಲೆ ಅದರ ಬೋಲ್ಟುಗಳನ್ನು ಅದಕ್ಕೇ ತಿರುಗಿಸಿಡಿ. ಪ್ರತಿ ಹಂತದ ಫೋಟೋ ಇರಲಿ.

ನನ್ನನ್ನು ಕೇಳಿದರೆ ರಿಪೇರಿಯೇ ಸರಿ. ಬಾನೆಟ್ ಎತ್ತಿ, ಕಂಪ್ರೆಸರ್ ಕ್ಲಚ್‌ನ ನೇರಕ್ಕೆ ಬಾನೆಟ್ ಒಳಮೈ ನೋಡಿ. ಅಲ್ಲಿ ಉದ್ದಕ್ಕೆ ಎಣ್ಣೆ ಸಿಡಿದ ಗೆರೆ ಕಂಡರೆ ಮುಂದಿನ ಶಾಫ್ಟ್ ಸೀಲ್ ಸೋರಿದೆ. ಎ6ಗೆ ಇದು ಹಳೆಯ ಕಾಯಿಲೆ. ಈಗ ಎರಡು ತುಟಿಯ ಹೊಸ ಬಗೆಯ ಸೀಲ್ ಬರುತ್ತದೆ, ಚೆನ್ನಾಗಿ ತಡೆಯುತ್ತದೆ. ಉಳಿದ ಲೀಕ್ ಹುಡುಕಲು ನೈಟ್ರೋಜನ್ ತುಂಬಿ ಸೋಪಿನ ನೀರು ಹಚ್ಚಿ. ಒತ್ತಡ 150 ಪಿಎಸ್‌ಐ ದಾಟಿಸಬೇಡಿ, ಕೂಲಿಂಗ್ ಕಾಯಿಲ್ ಹಳೆಯದು. ಓ ರಿಂಗ್ ಎಲ್ಲ ಹೊಸತಾಗಲಿ, ತೇವ ಹೀರುವ ಡ್ರೈಯರ್ ಹೊಸತಾಗಲಿ. ಗ್ಯಾಸ್ ತುಂಬುವ ಮೊದಲು ಮುಕ್ಕಾಲು ಗಂಟೆಯಾದರೂ ವ್ಯಾಕ್ಯೂಮ್ ಎಳೆಯಿರಿ. ಒಳಗಿನ ತೇವ ಆವಿಯಾಗಿ ಹೋಗುವುದು ಆಗಲೇ. ಸರಿಹೋದ ಮೇಲೆ ತಿಂಗಳಿಗೊಮ್ಮೆ ಹತ್ತು ನಿಮಿಷ ಏಸಿ ಓಡಿಸಿ. ಸೀಲ್‌ಗೆ ಎಣ್ಣೆ ಮುಟ್ಟುತ್ತಿದ್ದರೆ ಅದು ಒಣಗುವುದಿಲ್ಲ.

ಪ್ರಶ್ನೆ: 1970ರ ಕ್ಯಾಡಿಲಾಕ್ ಡೆ ವಿಲ್ ಕಾರಿಗೆ ಆರ್-12 ಬದಲು ಆರ್-134ಎ ಹಾಕಿಸಿದೆ. ಲೇಬಲ್‌ನಲ್ಲಿ ಬರೆದಷ್ಟೇ ತೂಕದ ಗ್ಯಾಸ್ ತುಂಬಿಸಿದ್ದೇನೆ. ಓಡುವಾಗ ಪರವಾಗಿಲ್ಲ, ನಿಂತರೆ ತಂಪೇ ಇಲ್ಲ. ಹಳೆ ಕಂಪನಿ ಏಸಿ ಇಷ್ಟೇ ಏನು?

ಉತ್ತರ: ಖಂಡಿತ ಅಲ್ಲ. ಗ್ಯಾಸ್ ಜಾಸ್ತಿಯಾಗಿದೆ. ಲೇಬಲ್‌ನ ತೂಕ ಆರ್-12ರದ್ದು. ಆರ್-134ಎ ಅದರ ನೂರಕ್ಕೆ 80ರಿಂದ 85ರಷ್ಟು ಸಾಕು. 1.7 ಕಿಲೋ ಎಂದಿದ್ದರೆ 1.4 ಕಿಲೋ ಹಾಕಿ.

ಅದಾದ ಮೇಲೂ ನಿಂತಾಗ ತಂಪು ಕಡಿಮೆಯಾದರೆ ಹೀಗೆ ನೋಡಿ. ಎಂಜಿನ್ ಐಡಲ್‌ನಲ್ಲಿರಲಿ, ಏಸಿ ಓಡುತ್ತಿರಲಿ. ಮುಂದಿನಿಂದ ಕಂಡೆನ್ಸರ್ ಮೇಲೆ ನೀರು ಚಿಮುಕಿಸಿ. ಒಳಗಿನ ಗಾಳಿ ಕೂಡಲೇ ತಣ್ಣಗಾಯಿತೇ? ಹಾಗಾದರೆ ಕಂಡೆನ್ಸರ್ ಸಾಲುತ್ತಿಲ್ಲ. ಹೊಸ ಗ್ಯಾಸ್‌ನ ಒತ್ತಡ ಬಿಸಿಯಲ್ಲಿ ಹೆಚ್ಚು ಏರುತ್ತದೆ, ಹಳೆಯ ಕೊಳವೆ-ರೆಕ್ಕೆಯ ಕಂಡೆನ್ಸರ್ ಅಷ್ಟು ಶಾಖ ಬಿಡಲಾರದು. ಹಲವು ಚಪ್ಪಟೆ ಕೊಳವೆಗಳಲ್ಲಿ ಗ್ಯಾಸ್ ಒಟ್ಟಿಗೆ ಹರಿಯುವ ಪ್ಯಾರಲಲ್ ಫ್ಲೋ ಬಗೆಯದು ಹಾಕಿಸಿ. ಹಳೆಯದನ್ನು ಸುತ್ತಿ ಅಟ್ಟದಲ್ಲಿಡಿ.

ಇನ್ನೊಂದು ಇದೆ. ಕೂಲಿಂಗ್ ಕಾಯಿಲ್‌ನ ಒತ್ತಡ ಹಿಡಿದಿಡುವ, ನಿಮ್ಮ ಕಾರಿನ ಪಿಓಎ ವಾಲ್ವ್ ಆರ್-12ಕ್ಕೆಂದು ಸುಮಾರು 30 ಪಿಎಸ್‌ಐಗೆ ಹೊಂದಿಸಿದ್ದು. ಹೊಸ ಗ್ಯಾಸ್‌ಗೆ ಅದನ್ನು 27ರ ಹತ್ತಿರ ಇಳಿಸಬೇಕು. ವ್ಯತ್ಯಾಸ ಒಂದೆರಡು ಡಿಗ್ರಿ ಅಷ್ಟೇ, ಆದರೂ ಬಿಡಬೇಡಿ. ಎಣ್ಣೆ ಬದಲಿಸಿದ್ದಾರೆಯೇ ಎಂದು ಕೆಲಸ ಮಾಡಿದವರನ್ನು ಕೇಳಿ. ಹಳೆಯ ಮಿನರಲ್ ಎಣ್ಣೆ ಆರ್-134ಎ ಜೊತೆ ಬೆರೆಯುವುದಿಲ್ಲ. ಅದು ಕಾಯಿಲ್‌ನಲ್ಲೇ ಕೂತು, ಕಂಪ್ರೆಸರ್ ಒಣಗುತ್ತದೆ. ನಾನು ಎಸ್ಟರ್ ಎಣ್ಣೆ ಹಾಕುತ್ತೇನೆ, ಅಲ್ಪಸ್ವಲ್ಪ ಹಳೆ ಎಣ್ಣೆ ಉಳಿದಿದ್ದರೂ ಅದು ಸಹಿಸುತ್ತದೆ.

ಪ್ರಶ್ನೆ: ಪ್ರೊಪೇನ್ ಬೆರೆಸಿದ ಗ್ಯಾಸ್ ಹಾಕಿದರೆ ಹಳೆ ಏಸಿ ಚೆನ್ನಾಗಿ ತಂಪು ಕೊಡುತ್ತದಂತೆ, ಎಣ್ಣೆಯನ್ನೂ ಬದಲಿಸಬೇಕಿಲ್ಲವಂತೆ. ಹಾಕಿಸಲೇ?

ಉತ್ತರ: ಬೇಡ. ತಂಪು ಕೊಡುವುದು ನಿಜ, ಹಳೆ ಎಣ್ಣೆಗೆ ಹೊಂದುವುದೂ ನಿಜ. ಆದರೆ ಅದು ಉರಿಯುವ ಗ್ಯಾಸ್. ಈ ಕಾರುಗಳಲ್ಲಿ ತಂಪುಗಾಳಿ ಕಾಯಿಲ್ ಮೇಲಿಂದಲೇ ಹಾದು ಒಳಗೆ ಬರುತ್ತದೆ. ಕಾಯಿಲ್ ಸೋರಿದರೆ ಗ್ಯಾಸ್ ನೇರ ನೀವು ಕೂತಲ್ಲಿಗೇ ಬರುತ್ತದೆ. ಬ್ಲೋವರ್ ಮೋಟಾರ್, ಹಳೆಯ ಸ್ವಿಚ್‌ಗಳು, ಎಲ್ಲದರಲ್ಲೂ ಕಿಡಿ ಇದ್ದೇ ಇದೆ. ಈಗಾಗಲೇ ಹಾಕಿಸಿದ್ದರೆ ಕಾರನ್ನು ಬಯಲಲ್ಲಿ ನಿಲ್ಲಿಸಿ, ಇಂಥ ಗ್ಯಾಸ್ ತೆಗೆಯಲು ಬೇಕಾದ ಸಾಧನ ಇರುವವರನ್ನೇ ಕರೆಸಿ. ಮಾಮೂಲಿ ರಿಕವರಿ ಮಷಿನ್‌ಗೆ ಅದನ್ನು ಹತ್ತಿಸಬಾರದು. ಕೆಲಸಕ್ಕೆ ಬಂದವರಿಗೆ ಒಳಗೆ ಯಾವ ಗ್ಯಾಸ್ ಇದೆ ಎಂದು ಮೊದಲೇ ಹೇಳಿಬಿಡಿ.